ಧೂಳು ಹೊಡೆದದ್ದು ನಾವು, ಉಬ್ಬಸ ಬಂದದ್ದು ಅವನಿಗೆ

ಹೋದ ವರ್ಷ ಆಯುಧ ಪೂಜೆಯ ಹಿಂದಿನ ದಿನ ನಮ್ಮ ಹಾಸ್ಟೆಲ್ ರೂಮನ್ನು ಕ್ಲೀನ್ ಮಾಡಿದ್ವಿ. ಸೆಮಿಸ್ಟರ್ ಶುರುವಾದ ಮೇಲೆ ಅದೇ ಮೊದಲ ಸಲ. ಇದನ್ನ ಹೇಳಿಕೊಳ್ಳೋಕೆ ನಮಗೇನೂ ನಾಚಿಕೆ ಇಲ್ಲ, ಓದ್ತಿರೋ ನಿಮ್ಮ ರೂಮಿನ ಕಥೆಯೂ ನಮಗೆ ಗೊತ್ತು. ಫ್ಯಾನ್ ತಿರುಗ್ತಿರುವಾಗಲೇ ಪೊರಕೆಯಲ್ಲಿ ಜೇಡರ ಬಲೆ ಹೊಡೆದ್ವಿ. ಹಾಸಿಗೆಗಳನ್ನ ಕಾಟ್ ಮೇಲೇ ಇಟ್ಟು ಕ್ರಿಕೆಟ್ ಬ್ಯಾಟಿನಿಂದ ಬಡಿದ್ವಿ. ಪುಸ್ತಕಗಳನ್ನ ಒಂದಕ್ಕೊಂದು ಕುಟ್ಟಿ ಕೊಡವಿದ್ವಿ. ಕೊನೆಗೆ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ಲ್ಯಾಪ್‌ಟಾಪ್‌ಗಳಿಗೆ ಕುಂಕುಮ ಇಡೋಕೆ ಟೇಬಲ್ ಮೇಲೆ ಜಾಗ ಮಾಡಿ, ಫೋಟೋ ತೆಗೆದು ಮನೆಗೂ ಕಳಿಸಿದ್ವಿ.

ರಾತ್ರಿ ಎರಡು ಗಂಟೆಗೆ ನೋಡಿದ್ರೆ ನಮ್ಮ ಮೂರನೆಯವನು ಎದ್ದು ಕೂತಿದ್ದಾನೆ. ಅವನನ್ನ ಎಲ್ಲರೂ ಊರಿನ ಹೆಸರಿಂದಲೇ ಶಿರಸಿ ಅಂತ ಕರೆಯೋದು. ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೀತಿದ್ದ. ಎದೆಯೊಳಗಿಂದ ಸಣ್ಣ ಸಿಳ್ಳೆ ಹೊಡೆದ ಹಾಗೆ ಸದ್ದು. "ಏನಾಯ್ತೋ?" ಅಂದ್ರೆ ಒಂದು ವಾಕ್ಯ ಪೂರ್ತಿ ಹೇಳೋಕಾಗ್ತಿಲ್ಲ, ಎರಡು ಪದಕ್ಕೊಂದು ಸಲ ನಿಲ್ಲಿಸ್ತಾನೆ. ವಾರ್ಡನ್ ಸರ್‌ನ ಎಬ್ಬಿಸಿ, ಅವರ ಕಾರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ನೆಬ್ಯುಲೈಸರ್ ಹಾಕಿದ ಮೇಲೆ ಅವನ ಮುಖಕ್ಕೆ ಬಣ್ಣ ಬಂತು. ಡ್ಯೂಟಿ ಡಾಕ್ಟರು ನಮ್ಮ ಕಡೆ ತಿರುಗಿ ಕೇಳಿದ ಮೊದಲನೇ ಪ್ರಶ್ನೆ: "ಇವತ್ತು ರೂಮೇನಾದ್ರೂ ಕ್ಲೀನ್ ಮಾಡಿದ್ರಾ?"

ಅವನಿಗೆ ಚಿಕ್ಕಂದಿನಿಂದ ಆಸ್ತಮಾ ಇತ್ತು, ಅದು ನಮಗೆ ಗೊತ್ತಿರಲಿಲ್ಲ. ಇನ್ಹೇಲರ್ ಇತ್ತು, ಸೂಟ್‌ಕೇಸಿನ ತಳದಲ್ಲಿ, ಬಟ್ಟೆಗಳ ಕೆಳಗೆ. ಪಿಯುಸಿಯಲ್ಲಿ ಯಾರೋ ಅದನ್ನ ನೋಡಿ ಆಡಿಕೊಂಡಿದ್ರಂತೆ, ಆಮೇಲೆ ಹೊರಗೆ ತೆಗೆದಿರಲಿಲ್ಲ.

ಈ ಲೇಖನ ಬರೀತಿರೋ ನಾವಿಬ್ಬರು ಆ ಬ್ಯಾಟ್ ಹಿಡಿದಿದ್ದವರು. ಆಮೇಲೆ ಒಂದು ವರ್ಷ ಓದಿ, ಡಾಕ್ಟರನ್ನ ಕೇಳಿ, ಸ್ವಲ್ಪ ಅಳೆದೂ ನೋಡಿ ತಿಳಿದುಕೊಂಡಿದ್ದನ್ನ ಇಲ್ಲಿ ಹೇಳ್ತೀವಿ. ಹಾಸ್ಟೆಲ್, ಪಿಜಿ, ಮನೆ, ಎಲ್ಲಿದ್ದರೂ ಲೆಕ್ಕ ಒಂದೇ: ಧೂಳನ್ನ ಎಬ್ಬಿಸೋದು ಬೇರೆ, ಹಿಡಿದು ಹೊರಗೆ ಹಾಕೋದು ಬೇರೆ. ನಾವು ಅವತ್ತು ಮಾಡಿದ್ದು ಮೊದಲನೇದು.

ಧೂಳಿನೊಳಗೆ ಇರೋರು ಯಾರು?

ಧೂಳು ಅಂದ್ರೆ ಮಣ್ಣು ಅಂತ ನಾವಂದುಕೊಂಡಿದ್ವಿ. ರೂಮಿನ ಧೂಳಲ್ಲಿ ಮಣ್ಣಿನ ಜೊತೆ ಬಟ್ಟೆಯ ನೂಲು, ಕೂದಲು, ನಮ್ಮ ಚರ್ಮದಿಂದ ಉದುರಿದ ಹೊಟ್ಟು, ಬೂಸ್ಟಿನ ಬೀಜಕಣ, ಜಿರಳೆಯ ಚೂರು, ಹೊರಗಿಂದ ಬಂದ ಪರಾಗ ಎಲ್ಲಾ ಇರುತ್ತೆ. ಇವುಗಳ ಮಧ್ಯೆ ನುಸಿ ಇರುತ್ತೆ. ತೆಂಗಿನ ತೋಟ ಇರೋ ಮನೆಯವರಿಗೆ ನುಸಿ ಪೀಡೆ ಅಂದ್ರೆ ಏನು ಅಂತ ಗೊತ್ತು. ಇದು ಅದೇ ಅಲ್ಲ, ಆದ್ರೆ ದೂರದ ನೆಂಟ. ಧೂಳಿನ ನುಸಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಉದ್ದ, ಎಂಟು ಕಾಲು, ಜೇಡನ ಬಳಗಕ್ಕೆ ಸೇರಿದ್ದು. ಕಚ್ಚಲ್ಲ, ರಕ್ತ ಕುಡಿಯಲ್ಲ. ನಮ್ಮ ಚರ್ಮದ ಹೊಟ್ಟು ತಿಂದುಕೊಂಡು ಹಾಸಿಗೆ, ದಿಂಬು, ರಗ್ಗುಗಳಲ್ಲಿ ತನ್ನ ಪಾಡಿಗೆ ತಾನಿರುತ್ತೆ.

ಮನೆ ಧೂಳಿಂದ ಉಬ್ಬಸ ಬರುತ್ತೆ ಅನ್ನೋದು ವೈದ್ಯರಿಗೆ ಮೊದಲೇ ಗೊತ್ತಿತ್ತು, ಧೂಳಿನಲ್ಲಿ ಯಾವುದರಿಂದ ಅನ್ನೋದು ಗೊತ್ತಿರಲಿಲ್ಲ. ಅದು ಈ ನುಸಿಯಿಂದ ಅಂತ ಹೇಳಿದವರು ನೆದರ್ಲ್ಯಾಂಡ್ಸಿನ ಲೈಡನ್‌ನಲ್ಲಿದ್ದ ರೈಂಡರ್ಟ್ ವೋರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ ತಂಡ, 1964ರಲ್ಲಿ. 1981ರಲ್ಲಿ ಟೋವಿ, ಚಾಪ್‌ಮನ್ ಮತ್ತು ಪ್ಲಾಟ್ಸ್-ಮಿಲ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಲರ್ಜಿಕಾರಕದ ಬಹುಪಾಲು ಬರೋದು ನುಸಿಯ ಹಿಕ್ಕೆಯಿಂದ ಅಂತ ತೋರಿಸಿದ್ರು. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತೆ. ಆ ಹಿಕ್ಕೆಯಲ್ಲಿ ಅದರ ಹೊಟ್ಟೆಯ ಜೀರ್ಣರಸದ ಪ್ರೋಟೀನ್ ಇರುತ್ತೆ. ಡರ್ ಪಿ 1 ಅನ್ನೋದು ಅಂಥದ್ದರಲ್ಲಿ ಒಂದು, ಬೇರೆ ಪ್ರೋಟೀನ್‌ಗಳನ್ನ ಕತ್ತರಿಸೋ ಕಿಣ್ವ. ಶ್ವಾಸನಾಳದ ಒಳಪದರದಲ್ಲಿ ಕೋಶ ಕೋಶಗಳನ್ನ ಹೊಲಿದು ಹಿಡಿದಿರೋ ಪ್ರೋಟೀನನ್ನೂ ಅದು ಕತ್ತರಿಸಬಲ್ಲದು. ಹಾಗೆ ಒಳಗೆ ನುಗ್ಗಿದಾಗ, ಕೆಲವರ ದೇಹ ಅದನ್ನ ಶತ್ರು ಅಂತ ಗುರುತಿಟ್ಟುಕೊಂಡು ಐಜಿಇ ಅನ್ನೋ ಪ್ರತಿಕಾಯ ತಯಾರಿಸುತ್ತೆ. ಮುಂದಿನ ಸಲ ಅದೇ ಪ್ರೋಟೀನ್ ಬಂದಾಗ ಹಿಸ್ಟಮಿನ್ ಬಿಡುಗಡೆಯಾಗುತ್ತೆ, ಸೀನು, ಮೂಗಲ್ಲಿ ನೀರು, ಕಣ್ಣು ತುರಿಕೆ. ಆಸ್ತಮಾ ಇರೋರಲ್ಲಿ ಶ್ವಾಸನಾಳವೇ ಬಿಗಿದುಕೊಳ್ಳುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ನುಸಿ ಸತ್ತರೂ ಹಿಕ್ಕೆ ಅಲ್ಲೇ ಇರುತ್ತೆ. ಆದ್ದರಿಂದ ಕೊಲ್ಲೋದಷ್ಟೇ ಸಾಲದು, ತೆಗೆದು ಹಾಕಬೇಕು.

ಸ್ಟೋಕ್ಸ್ ಹೇಳೋ ಲೆಕ್ಕ

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಸ್ಟೋಕ್ಸ್ ನಿಯಮ ಓದಿ, ಪರೀಕ್ಷೆ ಬರೆದು, ಮರೆತಿರ್ತೀವಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು. ನಿಂತ ಗಾಳಿಯಲ್ಲಿ ಸಣ್ಣ ಕಣ ಬೀಳೋ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ನುಸಿಯ ಹಿಕ್ಕೆ ಸುಮಾರು 20 ಮೈಕ್ರಾನ್. ಸಾಂದ್ರತೆ ನೀರಿನಷ್ಟು ಅಂತ ಇಟ್ಟುಕೊಂಡ್ರೆ ವೇಗ ಸೆಕೆಂಡಿಗೆ 1.2 ಸೆಂಟಿಮೀಟರ್ ಬರುತ್ತೆ. ಒಂದೂವರೆ ಮೀಟರ್ ಎತ್ತರದಿಂದ ನೆಲ ಮುಟ್ಟೋಕೆ ಎರಡು ನಿಮಿಷ. ಈಗ 2 ಮೈಕ್ರಾನ್ ಕಣ ತಗೊಳ್ಳಿ: ಬೂಸ್ಟಿನ ಕೆಲವು ಬೀಜಕಣಗಳು, ಬೆಕ್ಕಿನ ಅಲರ್ಜಿಕಾರಕ ಹೊತ್ತ ಸಣ್ಣ ಚೂರುಗಳು ಆಸುಪಾಸು ಈ ಗಾತ್ರದವು. ವ್ಯಾಸ ಹತ್ತನೇ ಒಂದು ಆದ್ರೆ ವೇಗ ನೂರನೇ ಒಂದು. ಅದೇ ಎತ್ತರದಿಂದ ಬೀಳೋಕೆ ಸುಮಾರು ಮೂರೂವರೆ ಗಂಟೆ.

ಇದರಿಂದ ಎರಡು ಮಾತು ತಿಳಿಯುತ್ತೆ. ಮೊದಲನೇದು, ನುಸಿಯ ಹಿಕ್ಕೆ ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ನಾವು ಹೊರಳಿದಾಗ, ಬಡಿದಾಗ, ಗುಡಿಸಿದಾಗ ಏಳುತ್ತೆ, ಆಮೇಲೆ ಬೀಳುತ್ತೆ. ಹಾಗಾದ್ರೆ ಅದು ಮೂಗಿಗೆ ಹೋಗೋದು ಯಾವಾಗ? ದಿಂಬಿನ ಮೇಲೆ ಮುಖ ಇಟ್ಟು ಏಳೆಂಟು ಗಂಟೆ ಮಲಗಿದಾಗ. ಮೂಗಿಗೂ ದಿಂಬಿಗೂ ನಾಲ್ಕು ಬೆರಳು ದೂರ ಇಲ್ಲ, ಗಾಳಿಯಲ್ಲಿ ತೇಲಿಕೊಂಡು ಬರೋ ಅಗತ್ಯವೇ ಇಲ್ಲ. ಅಂದ್ರೆ ನೆಲ ಎಷ್ಟು ಹೊಳೀತಿದೆ ಅನ್ನೋದಕ್ಕಿಂತ ಹಾಸಿಗೆ ಹೇಗಿದೆ ಅನ್ನೋದು ಮುಖ್ಯ. ಎರಡನೇದು, ಈ ಲೆಕ್ಕ ಎಲ್ಲಾ ನಿಂತ ಗಾಳಿಗೆ. ಫ್ಯಾನ್ ಹಾಕಿದ ಕ್ಷಣ ಲೆಕ್ಕ ತಲೆಕೆಳಗು. ನಾವು ಫ್ಯಾನ್ ಹಾಕಿಕೊಂಡು ಹಾಸಿಗೆ ಬಡಿದು, ಎದ್ದಿದ್ದು ಇಳಿಯೋ ಹೊತ್ತಿಗೆ ಅದೇ ಹಾಸಿಗೆ ಮೇಲೆ ಅವನನ್ನ ಮಲಗಿಸಿದ್ವಿ.

ಒಂದು ಅಗ್ಗದ ಪಿಎಂ 2.5 ಸೆನ್ಸರನ್ನ ಆರ್ಡುಯಿನೋಗೆ ಜೋಡಿಸಿ ಒಣ ಪೊರಕೆ, ಒದ್ದೆ ಮಾಪ್ ಎರಡನ್ನೂ ಹೋಲಿಸಿದ್ವಿ. ಪೊರಕೆಗೆ ಗ್ರಾಫ್ ಗುಡ್ಡ ಹತ್ತಿತು, ಮಾಪಿಗೆ ಹೆಚ್ಚು ಅಲ್ಲಾಡಲಿಲ್ಲ. ಖುಷಿಯಾಗಿ ತೋರಿಸೋಕೆ ಹೋದ್ರೆ ನಮ್ಮ ಲ್ಯಾಬ್ ಮೇಡಂ ಕೇಳಿದ್ರು: "ನಿಮ್ಮ ಸೆನ್ಸರಿಗೆ 20 ಮೈಕ್ರಾನ್ ಕಾಣಿಸುತ್ತೇನ್ರಪ್ಪಾ?" ಕಾಣಿಸಲ್ಲ. ಅದು ನೋಡೋದು ಸಣ್ಣ ಕಣಗಳನ್ನ, ನುಸಿಯ ಹಿಕ್ಕೆಯಂಥ ದೊಡ್ಡ ಕಣಗಳಿಗೆ ಅದು ಬಹುಪಾಲು ಕುರುಡು. ನಿಮ್ಮ ಮನೆಯ ಏರ್ ಪ್ಯೂರಿಫೈಯರಿನ ಹಸಿರು ದೀಪಕ್ಕೂ ಇದೇ ಮಾತು. ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 99.97 ಹಿಡಿಯುತ್ತೆ ಅನ್ನೋದು ನಿಜ, ಆದ್ರೆ ತನ್ನ ಬಾಯಿಗೆ ಬಂದಿದ್ದನ್ನ ಮಾತ್ರ. ದಿಂಬಿನೊಳಗೆ ಕೂತಿದ್ದನ್ನ ಅದು ಎಲ್ಲಿಂದ ಎಳೀಬೇಕು?

ಬಾಗಿಲ ಹಿಂದಿನ ಒದ್ದೆ ಜೀನ್ಸ್

ನುಸಿ ನೀರು ಕುಡಿಯಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತೆ. ಸಾಪೇಕ್ಷ ಆರ್ದ್ರತೆ ವಾರಗಟ್ಟಲೆ 50 ಪ್ರತಿಶತಕ್ಕಿಂತ ಕೆಳಗೇ ಇದ್ದರೆ ಒಣಗಿ ಸಾಯುತ್ತೆ. ಅದಕ್ಕೇ ಕಲಬುರಗಿಯ ಬೇಸಿಗೆ ಅದಕ್ಕೆ ಕಷ್ಟ, ಮಂಗಳೂರಿನ ಮಳೆಗಾಲ ಹಬ್ಬ. ಬೂಸ್ಟಿಗೂ ಹಾಗೇ.

ಹವಾಮಾನ ನಮ್ಮ ಕೈಯಲ್ಲಿಲ್ಲ, ಆದ್ರೆ ರೂಮಿನೊಳಗೆ ನಾವೇ ಮಳೆಗಾಲ ಮಾಡ್ತೀವಿ. ನಮ್ಮ ರೂಮು 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರ, ಅಂದ್ರೆ 36 ಘನ ಮೀಟರ್. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು 23 ಗ್ರಾಂ. ಇಡೀ ರೂಮಿಗೆ 830 ಗ್ರಾಂ ಆಸುಪಾಸು, ಒಂದು ಲೀಟರೂ ಇಲ್ಲ. ಕೈಯಲ್ಲಿ ಹಿಂಡಿದ ಎರಡು ಜೀನ್ಸ್, ಒಂದು ಟವೆಲ್ ಒಣಗೋ ಹೊತ್ತಿಗೆ ಬಿಡೋ ನೀರು ಒಂದು ಲೀಟರ್ ದಾಟೋದು ಕಷ್ಟವೇನಲ್ಲ. ಕಿಟಕಿ ಮುಚ್ಚಿ ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ರೆ ಆ ನೀರೆಲ್ಲಾ ಗೋಡೆಗೆ, ಹಾಸಿಗೆಗೆ, ಪುಸ್ತಕಕ್ಕೆ. ಜುಲೈ ತಿಂಗಳಲ್ಲಿ ಬೀರುವಿನ ಹಿಂದಿನ ಗೋಡೆ ಯಾಕೆ ಕಪ್ಪಾಗುತ್ತೆ ಅಂತ ಆಮೇಲೆ ಅರ್ಥವಾಯ್ತು. ಈಗ ಬಟ್ಟೆ ಕಾರಿಡಾರಿನಲ್ಲಿ. ವಾರ್ಡನ್ ಸರ್ ಮೊದಲು ಬೈತಿದ್ರು, ಕಾರಣ ಹೇಳಿದ ಮೇಲೆ ಅವರೇ ಹಗ್ಗ ಕಟ್ಟಿಸಿಕೊಟ್ರು.

ಈಗ ನಾವು ಮಾಡೋದು

ಮೊದಲು ಶಿರಸಿಯನ್ನ ಹೊರಗೆ ಕಳಿಸ್ತೀವಿ. ಅಲರ್ಜಿ ಇರೋರು ಕ್ಲೀನಿಂಗ್ ಮಾಡಬಾರದು, ಆ ಹೊತ್ತಲ್ಲಿ ಅಲ್ಲಿ ಇರಲೂಬಾರದು. ಬೇರೆ ದಾರಿ ಇಲ್ಲದೆ ಅವರೇ ಮಾಡಬೇಕಾದ್ರೆ ಮೂಗು ಬಾಯಿಗೆ ಸರಿಯಾಗಿ ಕೂರೋ ಎನ್95 ಮಾಸ್ಕ್ ಇರಲಿ. ಕರ್ಚೀಫ್ ಕಟ್ಟಿಕೊಂಡ್ರೆ ಮನಸ್ಸಿಗೆ ಸಮಾಧಾನ ಅಷ್ಟೇ.

ಫ್ಯಾನ್ ಆಫ್, ಕಿಟಕಿ ಓಪನ್. (ಕಿಟಕಿ ಹೊರಗಿನ ಖಾಲಿ ಸೈಟಲ್ಲಿ ಪಾರ್ಥೇನಿಯಂ ಹೂ ಬಿಟ್ಟಿದ್ರೆ ಆ ಕಡೆಯದು ಬೇಡ, ಅದರ ಪರಾಗವೂ ಅಲರ್ಜಿ ತರುತ್ತೆ.) ಬೆಡ್‌ಶೀಟ್, ದಿಂಬಿನ ಕವರು, ಹೊದಿಕೆಗಳನ್ನ ಕೊಡವದೆ, ಒಳಮುಖವಾಗಿ ಸುತ್ತಿ ಬಕೆಟ್ಟಿಗೆ ಹಾಕ್ತೀವಿ. ಆಮೇಲೆ ಮೇಲಿಂದ ಕೆಳಗೆ. ಫ್ಯಾನಿನ ರೆಕ್ಕೆಗೆ ಹಳೇ ದಿಂಬಿನ ಕವರನ್ನ ಒದ್ದೆ ಮಾಡಿ ಗವಸಿನ ಹಾಗೆ ತೊಡಿಸಿ ಹಿಂದಕ್ಕೆ ಎಳೆದ್ರೆ ಧೂಳೆಲ್ಲಾ ಚೀಲದೊಳಗೇ ಉಳಿಯುತ್ತೆ, ನೆತ್ತಿ ಮೇಲೆ ಉದುರಲ್ಲ. ಜೇಡರ ಬಲೆಗೆ ಪೊರಕೆಯ ತುದಿಗೆ ಒದ್ದೆ ಬಟ್ಟೆ ಸುತ್ತಿಕೊಂಡ್ರೆ ಆಯ್ತು. ಶೆಲ್ಫು, ಕಿಟಕಿ ಸರಳು, ಟೇಬಲ್ಲಿಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆ, ಎರಡು ಸಲ ಒರೆಸಿದ ಮೇಲೆ ಜಾಲಿಸಬೇಕು, ಇಲ್ಲಾಂದ್ರೆ ಧೂಳನ್ನ ಸವರಿದ ಹಾಗೆ ಆಗುತ್ತೆ. ಕೊನೆಗೆ ನೆಲ. ಹುಲ್ಲಿನ ಪೊರಕೆ ಆಗಲಿ, ಕರಾವಳಿಯ ಹಿಡಿಸೂಡಿ ಆಗಲಿ, ಒಣ ನೆಲದ ಮೇಲೆ ಬೀಸಿದ್ರೆ ಸಣ್ಣ ಧೂಳು ಮೇಲೇಳುತ್ತೆ. ಮೊದಲು ಹಿಂಡಿದ ಮಾಪ್ ಎಳೆದು, ಉಳಿದ ಕಸವನ್ನ ಆಮೇಲೆ ಒತ್ತಿ ಗುಡಿಸೋದು ಒಳ್ಳೇದು. ಬಕೆಟ್ ಸುರಿದು ನೆಲ ತೊಳೆಯೋ ಉತ್ಸಾಹ ಬೇಡ, ಆ ನೀರೂ ಮತ್ತೆ ಗಾಳಿಗೇ ಹೋಗೋದು. ಎಲ್ಲಾ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ರೂಮ್ ಹಾಗೇ ಬಿಟ್ಟು, ಆಮೇಲೆ ಅವನನ್ನ ಕರೀತೀವಿ.

ಬೆಡ್‌ಶೀಟಿನ ಮಾತು. ತಣ್ಣೀರಲ್ಲಿ ಒಗೆದ್ರೂ ಅಲರ್ಜಿಕಾರಕ ಬಹುಮಟ್ಟಿಗೆ ಕರಗಿ ಹೋಗುತ್ತೆ, ಆದ್ರೆ ನುಸಿಗಳು ಬದುಕಿರ್ತಾವೆ. ಸಾಯೋಕೆ 60 ಡಿಗ್ರಿ ನೀರು ಬೇಕು. ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಆರಕ್ಕೆ ಬಿಸಿನೀರಿಗೆ ಜಗಳ ಆಗುತ್ತಲ್ಲ, ಅದೇ ಸೋಲಾರ್ ನೀರು ಮಧ್ಯಾಹ್ನ ಮೂರಕ್ಕೆ ಕುದಿಯೋ ಹಾಗಿರುತ್ತೆ, ಕೇಳೋರಿಲ್ಲ. ಲ್ಯಾಬಿನ ಥರ್ಮಾಮೀಟರ್ ಅದ್ದಿ ನೋಡಿದ್ವಿ, ಬಿಸಿಲಿದ್ದ ದಿನ 61 ಇತ್ತು. ಶನಿವಾರ ಮಧ್ಯಾಹ್ನ ಬಕೆಟ್ಟಲ್ಲಿ ನೆನೆಹಾಕಿ ಮುಚ್ಚಳ ಮುಚ್ಚಿ ಇಡ್ತೀವಿ, ಆರಿದ ಮೇಲೆ ಒಗೀತೀವಿ. ಕೈ ಹಾಕಿ ಸುಟ್ಟುಕೊಳ್ಳಬೇಡಿ, ನಮ್ಮಲ್ಲಿ ಒಬ್ಬ ಸುಟ್ಟುಕೊಂಡಿದ್ದಾನೆ.

ಹಾಸಿಗೆಯನ್ನ ಒಗೆಯೋಕಾಗಲ್ಲ. ಅದಕ್ಕೆ ಬೇಕಾದ್ದು ಕವರು. ನುಸಿ ತಡೆಯೋ ಜಿಪ್ ಕವರುಗಳ ನೇಯ್ಗೆಯ ತೂತು 10 ಮೈಕ್ರಾನಿಗಿಂತ ಚಿಕ್ಕದಿರುತ್ತೆ, ಹಿಕ್ಕೆ ಹೊರಗೆ ಬರಲ್ಲ, ಚರ್ಮದ ಹೊಟ್ಟು ಒಳಗೆ ಹೋಗಲ್ಲ. ಆರು ಬದಿಯೂ ಮುಚ್ಚಬೇಕು. ನಗು ಬರೋ ವಿಷಯ ಅಂದ್ರೆ ಹಾಸ್ಟೆಲ್‌ನಿಂದ ಕೊಟ್ಟ ಹಾಸಿಗೆಗೆ ರೆಕ್ಸಿನ್ ಕವರಿತ್ತು, ಬೆವರುತ್ತೆ ಅಂತ ಮೊದಲನೇ ವಾರವೇ ಬಿಚ್ಚಿ ಕಾಟಿನ ಕೆಳಗೆ ತಳ್ಳಿದ್ವಿ. ಈಗ ಮತ್ತೆ ಹಾಕಿ, ಮೇಲೆ ದಪ್ಪ ಕಾಟನ್ ಶೀಟ್ ಹಾಸಿದ್ದೀವಿ. ರಜೆ ಬಂದಾಗ ಹಾಸಿಗೆಯನ್ನ ಟೆರೇಸಿಗೆ ಹೊತ್ತು, ಉರಿ ಬಿಸಿಲಲ್ಲಿ ಎರಡೂ ಮಗ್ಗುಲು ಒಣಗಿಸಿ, ಅಲ್ಲೇ ಬಡಿದು ತರ್ತೀವಿ. ಅಜ್ಜಿಯಂದಿರು ಹಾಸಿಗೆ ಬಿಸಿಲಿಗೆ ಹಾಕ್ತಿದ್ದದ್ದು ಸರಿಯೇ ಇತ್ತು, ಮನೆಯೊಳಗೆ ಬಡಿಯೋದು ನಮ್ಮ ಆವಿಷ್ಕಾರ.

ಜಿರಳೆಯನ್ನ ಮರೆಯಬಾರದು. ಅದರ ಹಿಕ್ಕೆ, ಎಂಜಲು, ಉದುರಿದ ಚರ್ಮ ಎಲ್ಲವೂ ಅಲರ್ಜಿಕಾರಕ. ಊರಿಂದ ಬಂದ ಚಕ್ಕುಲಿ, ಕೋಡುಬಳೆ ಪ್ಲಾಸ್ಟಿಕ್ ಕವರಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ರೆ ಯಾವ ಔಷಧಿಯೂ ನಡೆಯಲ್ಲ, ಬಿಗಿ ಮುಚ್ಚಳದ ಡಬ್ಬ ಬೇಕು. ಸ್ಪ್ರೇ ಹೊಡೆದ್ರೆ ಉಬ್ಬಸದವರಿಗೆ ಅದೇ ತೊಂದರೆ, ಮೂಲೆಗೆ ಹಚ್ಚೋ ಜೆಲ್ ವಾಸಿ. ಅಗರಬತ್ತಿ, ಸೊಳ್ಳೆ ಬತ್ತಿ, ರೂಮ್ ಫ್ರೆಶ್ನರ್ ಅಲರ್ಜಿಕಾರಕಗಳಲ್ಲ, ಆದ್ರೆ ಕೆರಳಿದ ಶ್ವಾಸನಾಳವನ್ನ ಇನ್ನಷ್ಟು ಕೆರಳಿಸ್ತಾವೆ. ಬಾತ್‌ರೂಮಿನ ಬೂಸ್ಟಿಗೆ ಬ್ಲೀಚ್ ಹಾಕುವಾಗ ಜೊತೆಗೆ ಆಸಿಡ್ ಕ್ಲೀನರ್ ಸುರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಇದನ್ನ ಕೆಮಿಸ್ಟ್ರಿ ಪಾಠ ಅಂದುಕೊಳ್ಳದೆ ಎಚ್ಚರಿಕೆ ಅಂತಲೇ ಓದಿಕೊಳ್ಳಿ. ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಗಟ್ಟಿಯಾಗಿದ್ರೆ ಒಣಗಿರುವಾಗ ಕೆರೆಯಬೇಡಿ, ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೀರಿ. ಅದರ ಪುಡಿ ವರ್ಷಗಟ್ಟಲೆ ಎಳೆದುಕೊಂಡು ಶ್ವಾಸಕೋಶವೇ ಗಟ್ಟಿಯಾದವರಿದ್ದಾರೆ.

ಇಷ್ಟೆಲ್ಲಾ ಮಾಡಿದ್ರೆ ಆಸ್ತಮಾ ಹೋಗುತ್ತಾ?

ಹೋಗಲ್ಲ. ಇದನ್ನ ಮರೆಮಾಚಿದ್ರೆ ಲೇಖನ ಸುಳ್ಳಾಗುತ್ತೆ. ನುಸಿ ನಿಯಂತ್ರಣದ ಹಲವು ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ 2008ರ ಕಾಕ್ರೇನ್ ವಿಮರ್ಶೆಯಲ್ಲಿ, ಈ ಕ್ರಮಗಳಿಂದ ಆಸ್ತಮಾ ಕಡಿಮೆಯಾಗುತ್ತೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಇನ್ನೊಂದು ಕಡೆ, ಅಮೆರಿಕದ 7 ನಗರಗಳಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಯಾ ಮಗುವಿಗೆ ಯಾವುದು ಆಗಲ್ಲ ಅಂತ ಮೊದಲು ಪರೀಕ್ಷಿಸಿ, ಹಾಸಿಗೆ, ಜಿರಳೆ, ಬೂಸ್ಟು, ಹೊಗೆ ಎಲ್ಲದರ ಮೇಲೂ ಒಂದು ವರ್ಷ ಕೆಲಸ ಮಾಡಿದಾಗ ಉಬ್ಬಸದ ದಿನಗಳು ಕಡಿಮೆಯಾದವು. ನಮಗೆ ಅನ್ನಿಸೋದು, ಒಂದು ದುಬಾರಿ ಕವರೋ ಮಷೀನೋ ತಂದು ಕೈತೊಳೆದುಕೊಂಡ್ರೆ ಆಗಲ್ಲ, ಯಾವುದಕ್ಕೆ ಅಲರ್ಜಿ ಅಂತ ತಿಳಿದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಿಡದೆ ಮಾಡಬೇಕು. ಔಷಧಿ ಅಂತೂ ಡಾಕ್ಟರು ಹೇಳಿದ ಹಾಗೆಯೇ. ಇನ್ಹೇಲರ್ ಅಭ್ಯಾಸ ಆಗಿಬಿಡುತ್ತೆ ಅನ್ನೋದು ಕಟ್ಟುಕಥೆ.

ಶಿರಸಿಯ ಮನೆಗೆ ಈ ಆಷಾಢದಲ್ಲಿ ಹೋಗಿದ್ವಿ. ಬೂರುಗದ ಹತ್ತಿಯ ದಿಂಬು, ಅಟ್ಟದಿಂದ ಇಳಿಸಿದ ಕಂಬಳಿ, ಹೊರಗೆ ನಿಲ್ಲದ ಮಳೆ. ನಾವು ಬಿಸಿಲಿನ ಪಾಠ ಶುರು ಮಾಡಿದ್ವಿ. ಅವರಮ್ಮ ನಕ್ಕು, "ಬಿಸ್ಲು ಎಲ್ಲಿಂದ ತರ್ಲಿ, ನೀವೇ ಹೇಳಿ" ಅಂದ್ರು. ನಮಗೆ ಉತ್ತರ ಇರಲಿಲ್ಲ. ಉತ್ತರ ಅವರ ಬಚ್ಚಲಲ್ಲೇ ಇತ್ತು: ಇಡೀ ದಿನ ಉರಿಯೋ ಒಲೆ, ಹಂಡೆ ತುಂಬ ಕುದಿಯೋ ನೀರು. ದಿಂಬಿನ ಕವರೆಲ್ಲಾ ಅಲ್ಲಿ ಅದ್ದಿದ್ವಿ. ಹಳೇ ದಿಂಬನ್ನ ಬಿಟ್ಟುಕೊಡೋಕೆ ಅವರು ಒಪ್ಪಲಿಲ್ಲ, ಅವರಮ್ಮ ಮಾಡಿಕೊಟ್ಟಿದ್ದಂತೆ. ಅದನ್ನ ಬೀರುವಿನಲ್ಲಿಟ್ಟು, ಮಗನಿಗೆ ಹೊಸದು ತಂದ್ರು.

ಈ ಸಲದ ಆಯುಧ ಪೂಜೆಗೂ ರೂಮ್ ಕ್ಲೀನ್ ಮಾಡಿದ್ವಿ. ಶಿರಸಿ ಎರಡು ಗಂಟೆ ಲೈಬ್ರರಿಯಲ್ಲಿದ್ದ. ವಾಪಸ್ ಬಂದವನು ಬಾಗಿಲಲ್ಲೇ ನಿಂತು ರೂಮನ್ನೆಲ್ಲಾ ಒಂದು ಸಲ ನೋಡಿ, ಟ್ಯೂಬ್‌ಲೈಟಿನ ಮೇಲೆ ಬೆರಳಿಟ್ಟು ತೋರಿಸಿದ. ಅದನ್ನ ಮರೆತಿದ್ವಿ. "ನಾನು ಕ್ಯಾಂಟೀನ್‌ಗೆ ಹೋಗಿ ಬರ್ತೀನಿ, ಅಷ್ಟರಲ್ಲಿ ಮುಗಿಸಿ" ಅಂದು, ಟೇಬಲ್ ಮೇಲಿದ್ದ ಇನ್ಹೇಲರನ್ನ ಶರ್ಟಿನ ಜೇಬಿಗೆ ಹಾಕಿಕೊಂಡು ಹೊರಟ.